ನಾಲ್ಕು ಕಂಪನಿ, ಇನ್ನೂರು ಪ್ರಶ್ನಾವಳಿ: ಇದರಾಗ ‘ಪ್ರಕರಣ’ ಯಾವುದು?

ವರದಾತೀರ
ನಮಸ್ಕಾರ್ರಿ ಎಲ್ಲಾರಿಗೂ. ಪಿಎಚ್‌ಡಿ ಸಿನಾಪ್ಸಿಸ್ (ಸಂಶೋಧನಾ ಯೋಜನೆಯ ಸಾರಾಂಶ) ಬಗ್ಗೆ ಒಂದು ಪ್ರಶ್ನೆ. ವಿಷಯ ಹಾವೇರಿ, ಗದಗ ಜಿಲ್ಲಾದ ರೈತ ಉತ್ಪಾದಕರ ಕಂಪನಿಗಳದ್ದು, ಅಂದ್ರ ರೈತರ ಷೇರು ಹಾಕಿ ಕಟ್ಟಿಕೊಂಡ ಕಂಪನಿ. ಸರಕಾರದ ಮೂರು ವರ್ಷದ ನೆರವು ಮುಗದ ಮ್ಯಾಲೂ ಕೆಲವು ಕಂಪನಿ ವ್ಯಾಪಾರ ನಡಸ್ತಾವು, ಕೆಲವು ಬಾಗಲಾ ಹಾಕ್ತಾವು. ಯಾಕ ಅನ್ನೂದು ತಿಳಕೋಬೇಕು. ಈಗಿನ ಯೋಜನೆ ಹಿಂಗೈತಿ: ನಾಲ್ಕು ಕಂಪನಿ, ಒಂದೊಂದರಿಂದ 50 ಸದಸ್ಯರು, ಒಟ್ಟು 200 ಪ್ರಶ್ನಾವಳಿ, ಆಮ್ಯಾಲ ಕೈ-ಸ್ಕ್ವೇರ್ ಅನ್ನೂ ಅಂಕಿಅಂಶದ ಪರೀಕ್ಷೆ. ಶೀರ್ಷಿಕೆ ಕೊನಿಗೆ ‘ಒಂದು ಪ್ರಕರಣ ಅಧ್ಯಯನ’ ಅಂತ ಐತಿ. ಸಮಿತಿಯವರು ಕೇಳಿದ್ದು ಒಂದ ಪ್ರಶ್ನೆ: ‘ಇದರಾಗ ಪ್ರಕರಣ ಯಾವುದು?’ ಡಾಕ್ಟರು, ವಕೀಲರು, ಎಂಜಿನಿಯರು ಎಲ್ಲಾರೂ ಪ್ರಕರಣ ಅಧ್ಯಯನ ಮಾಡ್ತಾರಲ್ರಿ, ಅವರವರ ಕಡೆ ಇದನ್ನ ಹೆಂಗ ಮಾಡ್ತಾರ ಅಂತ ಹೇಳಿದ್ರ ಉಪಕಾರ ಆಗ್ತೈತಿ.

ಮಾಳಮಡ್ಡಿ
ಸಮಿತಿಯವರ ಪ್ರಶ್ನೆ ಖರೇನ ಅದರೀ. ನೀವು ಬರದದ್ದು ಸಮೀಕ್ಷೆ. ಇನ್ನೂರು ಮಂದಿ ಉತ್ತರ ಕೂಡಿಸಿ ಸರಾಸರಿ ತಗದ್ರ ಸದಸ್ಯರ ಬಗ್ಗೆ ಏನರ ಹೇಳಬಹುದು, ಕಂಪನಿ ಯಾಕ ಉಳೀತು, ಯಾಕ ಮುಚ್ಚಿತು ಅಂತ ಹೇಳಲಿಕ್ಕೆ ಆಗೂದಿಲ್ಲ. ಉಳಿದದ್ದೂ ಮುಚ್ಚಿದ್ದೂ ಕಂಪನಿ, ಸದಸ್ಯ ಅಲ್ಲ. ಪ್ರಶ್ನೆ ಯಾವುದರ ಬಗ್ಗೆ ಅದನೋ ಅದ ನಿಮ್ಮ ಪ್ರಕರಣ.

ನಮ್ಮ ಕಡೆ ಪ್ರಬಂಧಗಳ ಶೀರ್ಷಿಕೆ ನೋಡ್ರಿ: ಒಂದು ದೊಡ್ಡ ವಿಷಯ, ಆಮೇಲೆ ‘ಧಾರವಾಡ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ’. ಅಲ್ಲಿ ಜಿಲ್ಲೆ ಅನ್ನೂದು ಬರೇ ಪ್ರಶ್ನಾವಳಿ ತುಂಬಿದ ಜಾಗ. ಜಿಲ್ಲೆ ಪ್ರಕರಣ ಆಗಬೇಕಂದ್ರ ಜಿಲ್ಲಾ ಆಡಳಿತ ಏನೋ ಒಂದು ನಿರ್ಧಾರ ತಗೊಂಡಿರಬೇಕು, ಅದು ಹೆಂಗ ನಡೀತು ಅಂತ ನೀವು ಹುಡುಕತಿರಬೇಕು.

ಪ್ರಕರಣ ಅಧ್ಯಯನದ ವಿಧಾನದ ಮ್ಯಾಲೆ ಪುಸ್ತಕ ಬರದ ರಾಬರ್ಟ್ ಯಿನ್ 1984ರಿಂದ ಹೇಳಿಕೊಂಡು ಬಂದದ್ದು ಮೂರು ಷರತ್ತು: ಪ್ರಶ್ನೆ ‘ಹೇಗೆ’ ಅಥವಾ ‘ಯಾಕೆ’ ಅಂತ ಇರಬೇಕು, ಘಟನೆ ಮ್ಯಾಲೆ ಸಂಶೋಧಕನ ಹಿಡಿತ ಇರಬಾರದು, ಅದು ಹೆಚ್ಚುಕಡಿಮೆ ಈಗಿನ ಕಾಲದ್ದು ಆಗಿರಬೇಕು. ನಿಮ್ಮ ಪ್ರಶ್ನೆ ಮೂರಕ್ಕೂ ಕೂಡ್ತದ. ವಿಷಯ ಚಲೋ ಅದ, ವಿನ್ಯಾಸ ಮಾತ್ರ ತಪ್ಪು ಗಾಡಿ ಹತ್ತೇದ.

ಮೊದಲ ಕೆಲಸ, ಗಡಿ ಹಾಕೂದು. ಒಂದು ಪುಟದಾಗ ಬರೀರಿ: ಕಂಪನಿಯ ಕಥಿ ಯಾವ ದಿನದಿಂದ ಶುರು (ನೋಂದಣಿ ದಿನಾನೋ, ಮೊದಲ ಷೇರು ಕೂಡಿಸಿದ ದಿನಾನೋ), ಯಾವ ದಿನಕ್ಕ ನಿಮ್ಮ ಅಧ್ಯಯನ ಮುಗೀತದ (ಲೆಕ್ಕಪತ್ರ ಸಲ್ಲಿಸಿದ ಕೊನೀ ಆರ್ಥಿಕ ವರ್ಷ ಇಟ್ಟುಕೋರಿ), ಒಳಗ ಯಾರು, ಹೊರಗ ಯಾರು. ನಿರ್ದೇಶಕರು, ಸಿಇಓ, ಸದಸ್ಯರು ಒಳಗ. ಕಂಪನಿ ಕಟ್ಟಿಸಿದ ಸಂಸ್ಥೆ ಒಳಗೋ ಹೊರಗೋ? ಇದನ್ನ ಈಗ ತೀರ್ಮಾನ ಮಾಡದಿದ್ರ ಮೂರನೇ ವರ್ಷ ಬರಿಯೂ ಹೊತ್ತಿನ್ಯಾಗ ಎಲ್ಲಾ ತಪ್ಪು ಆ ಸಂಸ್ಥೆ ಮ್ಯಾಲೆ ಹೋಗಿ ಕೂಡ್ತದ. ಯಾಕಂದ್ರ ಎಲ್ಲಾ ಕಂಪನಿಯವರೂ ಅದನ್ನ ಹೇಳ್ತಾರ.

ಇನ್ನೂರು ಪ್ರಶ್ನಾವಳಿ ಬಿಸಾಡಬ್ಯಾಡ್ರಿ. ಕಂಪನಿಯೊಳಗಿನ ಸಣ್ಣ ಘಟಕ ಅಂತ ಸದಸ್ಯರನ್ನ ಇಟ್ಟುಕೊಂಡು ಒಂದೊಂದು ಕಂಪನಿಯೊಳಗ ಅದನ್ನ ಬ್ಯಾರೆ ಬ್ಯಾರೆ ಓದ್ರಿ. ನಾಲ್ಕೂ ಕೂಡಿಸಿ ಒಂದ ಕೋಷ್ಟಕ ಮಾಡಿದ ಕೂಡಲೇ ಪ್ರಕರಣ ಸತ್ತಂಗ.

ಡಬ್ಬಿ_ಕಡ್ಡಿ
ಮಾಳಮಡ್ಡಿ ಸರ್ರು ಹೇಳಿದ್ದಕ್ಕ ಕೃಷಿ ಅರ್ಥಶಾಸ್ತ್ರದ ಕಡಿಂದ ಕೂಡಸ್ತೀನಿ. ಆಯ್ಕೆ ಮಾಡೂ ಮುಂದನ ಅರ್ಧ ಪ್ರಬಂಧ ಕೆಡತೈತಿ. ಇಲಾಖೆಗೆ ಹೋಗಿ ‘ಚಲೋ ನಡದಿದ್ದು ನಾಲ್ಕು ತೋರಸ್ರಿ’ ಅಂದ್ರ ಅವರು ಪ್ರತಿ ಸಲ ಬಂದವರಿಗೆ ತೋರಸೂ ನಾಲ್ಕನ್ನ ತೋರಸ್ತಾರ. ಬರೇ ಗೆದ್ದವರನ್ನ ನೋಡಿದ್ರ ಗೆಲುವಿಗೆ ಕಾರಣ ಸಿಗಂಗಿಲ್ಲರಿ. ‘ಅಧ್ಯಕ್ಷರು ಚುರುಕು ಇದ್ದರು’ ಅಂತ ಬರೀತೀರಿ, ಮುಳುಗಿದ ಕಂಪನಿ ಅಧ್ಯಕ್ಷರೂ ಅಷ್ಟ ಚುರುಕು ಇದ್ದಿರಬಹುದು.

ಹಿಂಗ ಮಾಡ್ರಿ. ಎರಡೂ ಜಿಲ್ಲಾದಾಗ ನೋಂದಣಿ ಆದ ಎಲ್ಲಾ ಉತ್ಪಾದಕರ ಕಂಪನಿ ಪಟ್ಟಿ ಮಾಡ್ರಿ: ನೋಂದಣಿ ವರ್ಷ, ಮುಖ್ಯ ಬೆಳಿ, ಸದಸ್ಯರ ಸಂಖ್ಯೆ, ಕಟ್ಟಿಸಿದ ಸಂಸ್ಥೆ, ಪಾವತಿ ಆದ ಷೇರು ಬಂಡವಾಳ, ಕೊನೀ ಲೆಕ್ಕಪತ್ರ ಸಲ್ಲಿಸಿದ ವರ್ಷ. ಈ ಪಟ್ಟಿನ ಒಂದು ಅಧ್ಯಾಯದಷ್ಟು ಕಿಮ್ಮತ್ತಿಂದು. ಅದರಾಗ ಬೆಳಿ, ವಯಸ್ಸು, ಕಟ್ಟಿಸಿದ ಸಂಸ್ಥೆ ಸರಿಸುಮಾರು ಒಂದ ಇದ್ದು, ಫಲಿತಾಂಶ ಮಾತ್ರ ಬ್ಯಾರೆ ಇರೂ ಜೋಡಿ ಹುಡುಕ್ರಿ. ಹಾವೇರಿಯೊಳಗ ಒಂದು ಮೆಣಸಿನಕಾಯಿ ಜೋಡಿ, ಗದಗಿನೊಳಗ ಒಂದು ಕಡ್ಲಿ ಅಥವಾ ಹೆಸರು ಜೋಡಿ. ನಾಲ್ಕ ಆತು.

‘ನಡೀತೈತಿ’ ಅಂದ್ರ ಏನು ಅಂತ ಮೊದಲ ಬರದಿಡ್ರಿ. 2020ರ ಕೇಂದ್ರ ಯೋಜನೆಯಾಗ ಒಂದು ಕಂಪನಿಗೆ ಮೂರು ವರ್ಷಕ್ಕ ಕೂಡಿ ಹೆಚ್ಚಂದ್ರ 18 ಲಕ್ಷ ನಿರ್ವಹಣಾ ವೆಚ್ಚ ಬರತೈತಿ. ಬಯಲುಸೀಮಿಯೊಳಗ ಕನಿಷ್ಠ 300 ಸದಸ್ಯರು ಬೇಕು. ಷೇರಿಗೆ ಸಮನಾಗಿ ಒಬ್ಬ ಸದಸ್ಯರಿಗೆ 2,000 ರೂಪಾಯಿತನ, ಕಂಪನಿಗೆ 15 ಲಕ್ಷದತನ ಅನುದಾನ. ಈ ಹಣ ಬರೂತನ ಎಲ್ಲಾ ಕಂಪನೀನೂ ನಡೀತಾವು. ಹಂಗಾಗಿ ಅಳತಿ ಹಿಂಗಿರಲಿ: ನೆರವು ನಿಂತ ಮ್ಯಾಲೆ ಸತತ ಎರಡು ಆರ್ಥಿಕ ವರ್ಷ ಸಿಇಓ ಪಗಾರ ಸ್ವಂತ ಗಳಿಕಿಯಿಂದ ಹೋಗಿರಬೇಕು, ಸದಸ್ಯರ ಮಾಲು ಕಂಪನಿ ಖರೀದಿ ಮಾಡಿರಬೇಕು. ವಹಿವಾಟು ಒಂದನ್ನ ನೋಡಬ್ಯಾಡ್ರಿ. ಭಾಳ ಕಂಪನಿಗಳ ವಹಿವಾಟು ಅಂದ್ರ ಯೂರಿಯಾ, ಡಿಎಪಿ ಮಾರಿದ್ದು ಅಷ್ಟ. ಅದು ಗೊಬ್ಬರದ ಅಂಗಡಿ ಲೆಕ್ಕ, ರೈತರ ಮಾಲು ಮಾರಿದ ಲೆಕ್ಕ ಅಲ್ಲ. ಲಾಭ-ನಷ್ಟ ಪತ್ರದ ಅಡಿಟಿಪ್ಪಣಿಯೊಳಗ ಎರಡೂ ಬ್ಯಾರೆ ಬ್ಯಾರೆ ಸಿಕ್ಕರ ಸಿಗತಾವು, ಇಲ್ಲಂದ್ರ ದಾಸ್ತಾನು ಪುಸ್ತಕ ಕೇಳ್ರಿ.

ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಾಗ 100 ರೂಪಾಯಿ ಕಟ್ಟಿದ್ರ ಒಂದು ಕಂಪನಿಯ ಸಾರ್ವಜನಿಕ ದಾಖಲಿ ನೋಡಬಹುದು. ಕಂಪನಿ ಪ್ರತಿ ವರ್ಷ ಸಲ್ಲಿಸೂ ಎಒಸಿ-4, ಎಂಜಿಟಿ-7 ನಮೂನಿ ಎರಡೂ ಇಳಿಸಿಕೋರಿ. ಮೊದಲನೇದರಾಗ ಲೆಕ್ಕ, ಎರಡನೇದರಾಗ ನಿರ್ದೇಶಕರ ಬದಲಾವಣಿ, ಸಭಿ ದಿನಾಂಕ, ಹಾಜರಿ. ಸಂದರ್ಶನಕ್ಕ ಹೋಗೂಕಿಂತ ಮೊದಲ ಇದನ್ನ ಓದಿರಬೇಕು.

ತೋಳನಕೆರೆ
ಇಷ್ಟೆಲ್ಲ ಮಾಡಿದರೂ ನಾಲ್ಕು ಕಂಪನಿಯಿಂದ ಏನು ಸಾಧಿಸಿದ ಹಾಗಾಯಿತು? ನಾಲ್ಕರ ಮಾದರಿಯಿಂದ ಇಡೀ ರಾಜ್ಯದ ಬಗ್ಗೆ ಹೇಳಲು ಬರುವುದಿಲ್ಲ. ಪ್ರಕರಣ ಅಧ್ಯಯನ ಅಂದರೆ ಅಂಕಿಅಂಶ ಬಾರದವರು ಹಿಡಿಯುವ ಅಡ್ಡದಾರಿ ಎಂದೇ ನನಗನಿಸುತ್ತದೆ. ಖಾರವಾಗಿ ಹೇಳಿದೆ, ಬೇಜಾರಾಗಬೇಡಿ.

ಮಾಳಮಡ್ಡಿ
ಬೇಜಾರೇನಿಲ್ಲ, ಇದು ಹಳೇ ಜಗಳ. ನಾಲ್ಕು ಕಂಪನಿ ನಾಲ್ಕರ ‘ಮಾದರಿ’ ಅಂತ ಅನ್ನೂದ ತಪ್ಪು. ಇಲ್ಲಿ ಒಂದು ವಿವರಣೆಯನ್ನ ನಾಲ್ಕು ಸಲ ಪರೀಕ್ಷೆಗೆ ಹಚ್ಚತಾರ. ‘ದುಡಿಯೂ ಬಂಡವಾಳ (ದಿನದ ಖರೀದಿ-ಖರ್ಚಿಗೆ ಬೇಕಾಗೂ ರೊಕ್ಕ) ಇಲ್ಲದ್ದಕ್ಕ ಕಂಪನಿ ಬಂದ್ ಬೀಳ್ತಾವ’ ಅನ್ನೂ ವಾದ ನಾಲ್ಕರಾಗೂ ಕೂಡಿದ್ರ ವಾದಕ್ಕ ಬಲ ಬಂತು. ಬಂಡವಾಳ ಇದ್ದೂ ಬಂದ್ ಬಿದ್ದ ಕಂಪನಿ ಒಂದು ಸಿಕ್ಕರ ವಾದ ತಿದ್ದಬೇಕು. ಎಷ್ಟು ಪ್ರತಿಶತ ಕಂಪನಿ ಬಂದ್ ಬಿದ್ದಾವ ಅಂತ ಕೇಳಿದ್ರ, ಅದಕ್ಕ ನಿಮ್ಮ ಸಮೀಕ್ಷೇನ ಬೇಕು, ಅದರಾಗ ವಾದ ಇಲ್ಲ.

ಯಾವ ಪ್ರಕರಣ ಅನ್ನೂದರ ಮ್ಯಾಲೂ ಭಾಳ ನಿಂತದ. ಹುಬ್ಬಳ್ಳಿ-ಧಾರವಾಡದ 24 ತಾಸು ನೀರಿನ ಪ್ರಾತ್ಯಕ್ಷಿಕೆ ವಲಯ ತಗೋರಿ, 2008ರಾಗ ಶುರು ಆದದ್ದು. ಆರಿಸಿದ ಕೆಲವು ವಾರ್ಡು, ಅಲ್ಲಿ ಪೈಪು ಹೊಸದು, ಎಲ್ಲಾ ಮನಿಗೂ ಮೀಟರು, ಎಲ್ಲಾರ ಕಣ್ಣೂ ಅದರ ಮ್ಯಾಲೆ. ಅಂದ್ರ ಗೆಲ್ಲೂ ಸಂಭವ ಎಲ್ಲಕ್ಕಿಂತ ಹೆಚ್ಚಿರೂ ಜಾಗ. ಅಲ್ಲಿ ಗೆದ್ದರ ಬ್ಯಾರೆ ವಾರ್ಡಿನ ಬಗ್ಗೆ ಹೆಚ್ಚೇನೂ ಗೊತ್ತಾಗೂದಿಲ್ಲ. ಅಲ್ಲೂ ಸೋತಿದ್ದರ ಮಾತ್ರ ದೊಡ್ಡ ಪಾಠ ಇರತಿತ್ತು. ತದ್ವಿರುದ್ಧವಾಗಿ, ಗೆಲ್ಲೂ ಸಂಭವ ಎಲ್ಲಕ್ಕಿಂತ ಕಡಿಮಿ ಇದ್ದಲ್ಲಿ ಗೆದ್ದರ ಒಂದ ಪ್ರಕರಣನೂ ಭಾರ ತೂಗತದ. ವರದಾತೀರ ಅಕ್ಕಾರ, ನಿಮ್ಮ ಪಟ್ಟಿಯೊಳಗ ಅಂಥಾ ಕಂಪನಿ ಅದನೇನು ನೋಡ್ರಿ: ಕಟ್ಟಿಸಿದ ಸಂಸ್ಥೆ ನಡುವ ಕೈಬಿಟ್ಟಿದ್ದು, ಗೋದಾಮು ಇಲ್ಲದ್ದು, ಆದರೂ ವ್ಯಾಪಾರ ನಡೆಸಿದ್ದು.

ತೋಳನಕೆರೆ
ಆ ತರ್ಕ ಒಪ್ಪುತ್ತೇನೆ. ಆದರೂ ಒಂದು ಲೆಕ್ಕ ಎಲ್ಲರೂ ಮರೆಯುತ್ತಾರೆ. ಕಾರಣಗಳ ಪಟ್ಟಿ ಉದ್ದವಾದಷ್ಟೂ ಪ್ರಕರಣ ಸಾಲುವುದಿಲ್ಲ. ‘ಇದೆ ಅಥವಾ ಇಲ್ಲ’ ಎಂಬ ಮೂರು ಕಾರಣಗಳಿದ್ದರೆ 8 ಬಗೆಯ ಜೋಡಣೆ ಸಾಧ್ಯ, ಏಳಿದ್ದರೆ 128. ನಾಲ್ಕು ಕಂಪನಿ ಇಟ್ಟುಕೊಂಡು ನಾಯಕತ್ವ, ಬಂಡವಾಳ, ಮಾರುಕಟ್ಟೆ, ಮಳೆ, ಜಾತಿ, ರಾಜಕೀಯ, ಸಾಲ ಎಂದು ಏಳು ಅಧ್ಯಾಯ ಬರೆದರೆ 128ರಲ್ಲಿ 124 ಮನೆ ಖಾಲಿ. ಕಂಪನಿಗಳನ್ನು ಒಂದಕ್ಕೊಂದು ಹೋಲಿಸುವಾಗ ಎರಡು ಅಥವಾ ಮೂರು ಕಾರಣಕ್ಕೆ ನಿಲ್ಲಿಸಿ. ಉಳಿದದ್ದನ್ನು ಆಯ್ಕೆಯಲ್ಲೇ ಸಮ ಮಾಡಿಕೊಳ್ಳಿ, ಮೇಲೆ ಹೇಳಿದ ಜೋಡಿಯ ಹಾಗೆ.

ವಿದ್ಯಾನಗರ_ಓಪಿಡಿ
ವೈದ್ಯಕೀಯದ ಕಡೆಯಿಂದ. ಮೊದಲು ಗೊಂದಲ ಬಿಡಿಸೋಣ: ಕೇಸ್-ಕಂಟ್ರೋಲ್ ಅಧ್ಯಯನಕ್ಕೂ ಈ ಚರ್ಚೆಗೂ ಸಂಬಂಧವಿಲ್ಲ, ಅದು ಸಾಂಕ್ರಾಮಿಕಶಾಸ್ತ್ರದ ಹೋಲಿಕೆ ವಿಧಾನ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕೇಸ್ ರಿಪೋರ್ಟ್ (ಒಬ್ಬ ರೋಗಿಯ ವಿವರ), ಕೇಸ್ ಸೀರೀಸ್ (ಅಂಥ ಕೆಲವರ ವಿವರ).

ಇದರ ಬಲ ಎಲ್ಲಿದೆ ಅಂದರೆ, ಹೊಸದೇನೋ ಬಂದಿದೆ ಎಂದು ಮೊದಲು ಕೂಗುವುದರಲ್ಲಿ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಾರಪತ್ರದಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ಅಪರೂಪದ ನ್ಯುಮೋನಿಯಾ ವರದಿಯಾಯಿತು. ಏಡ್ಸ್ ಬಗ್ಗೆ ಪ್ರಕಟವಾದ ಮೊದಲ ವೈದ್ಯಕೀಯ ವರದಿ ಅದು. ಐದೇ ರೋಗಿಗಳು. ರೋಗ ಎಷ್ಟು ಜನರಲ್ಲಿದೆ ಎಂದು ಆ ವರದಿ ಹೇಳಲಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ.

ಬರೆಯುವ ಕ್ರಮಕ್ಕೆ 2013ರ ಕೇರ್ ಮಾರ್ಗಸೂಚಿ ಇದೆ, 13 ಅಂಶಗಳ ಪಟ್ಟಿ. ಬೇರೆ ಶಾಸ್ತ್ರದವರು ಅದರಿಂದ ಎರಡನ್ನು ಕದಿಯಬೇಕು ಅನ್ನುತ್ತೇನೆ. ಒಂದು, ಕಾಲರೇಖೆ: ಯಾವ ದಿನ ಲಕ್ಷಣ, ಯಾವ ದಿನ ಪರೀಕ್ಷೆ, ಯಾವ ದಿನ ಔಷಧ, ಯಾವ ದಿನ ಫಲ. ಕೋಷ್ಟಕದಲ್ಲಿ ಇಡದಿದ್ದರೆ ಔಷಧಕ್ಕಿಂತ ಮೊದಲೇ ಶುರುವಾದ ದದ್ದು ಕೂಡ ಔಷಧದ ಅಡ್ಡಪರಿಣಾಮ ಎಂದು ಓದಿಸಿಕೊಂಡು ಹೋಗುತ್ತದೆ. ಕಂಪನಿಗೂ ಅಷ್ಟೇ. ಸಿಇಓ ಬಿಟ್ಟದ್ದರಿಂದ ವ್ಯಾಪಾರ ನಿಂತಿತೋ, ವ್ಯಾಪಾರ ನಿಂತದ್ದರಿಂದ ಸಿಇಓ ಬಿಟ್ಟರೋ ತಿಂಗಳುವಾರು ಕೋಷ್ಟಕ ಹೇಳುತ್ತದೆ. ಎರಡು, ರೋಗಿಯ ದೃಷ್ಟಿ: ನಮ್ಮವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಇದು.

ಕಾರಣ ನಿರ್ಣಯಕ್ಕೂ ನಮ್ಮಲ್ಲಿ ಅಳತೆಗೋಲುಗಳಿವೆ. ಔಷಧದ ಅಡ್ಡಪರಿಣಾಮಕ್ಕೆ 1981ರ ನರಾಂಜೊ ಮಾಪಕ: ಹತ್ತು ಪ್ರಶ್ನೆ, ಒಟ್ಟು ಅಂಕ 9 ಅಥವಾ ಹೆಚ್ಚಿದ್ದರೆ ನಿಶ್ಚಿತ, 5ರಿಂದ 8 ಸಂಭಾವ್ಯ, 1ರಿಂದ 4 ಸಾಧ್ಯ, ಸೊನ್ನೆ ಅಥವಾ ಕೆಳಗೆ ಅನುಮಾನ. ಔಷಧ ನಿಲ್ಲಿಸಿದಾಗ ಕಡಿಮೆಯಾಯಿತೇ, ಮತ್ತೆ ಕೊಟ್ಟಾಗ ಮರಳಿತೇ, ಬೇರೆ ಕಾರಣ ಇರಬಹುದೇ ಎಂದು ಅದು ಕೇಳುತ್ತದೆ. ಈ ಕೊನೆಯ ಪ್ರಶ್ನೆಯನ್ನು ಬರಹದಲ್ಲಿ ಕೇಳಿಕೊಳ್ಳುವ ಸಮಾಜವಿಜ್ಞಾನಿಗಳು ಕಡಿಮೆ.

ಗೋಪ್ಯತೆ ಬಗ್ಗೆ ಒಂದು ಮಾತು. ಹೆಸರು ತೆಗೆದರೆ ಸಾಕು ಎಂದು ತಿಳಿಯಬೇಡಿ. ಒಂದು ಸಣ್ಣ ಊರಿನ ಹೆಸರು, ವಯಸ್ಸು, ಅಪರೂಪದ ಉದ್ಯೋಗ, ಅಪರೂಪದ ಕಾಯಿಲೆ ನಾಲ್ಕನ್ನೂ ಬರೆದರೆ ಆ ಊರಿನವರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ವಯಸ್ಸನ್ನು ದಶಕಕ್ಕೆ ತನ್ನಿ, ಊರಿನ ಬದಲು ‘ಉತ್ತರ ಕರ್ನಾಟಕ’ ಸಾಕು. ಒಪ್ಪಿಗೆ ಪತ್ರ ರೋಗಿಗೆ ಓದಲು ಬರುವ ಭಾಷೆಯಲ್ಲಿರಬೇಕು.

ಡಬ್ಬಿ_ಕಡ್ಡಿ
ಗೋಪ್ಯತೆ ಮಾತು ನಮ್ಮ ಅಕ್ಕಾರಿಗೂ ಲಾಗೂ. ‘ಕಂಪನಿ ಅ’ ಅಂತ ಬರದು, ಪಕ್ಕದಾಗ ತಾಲೂಕು, ಬೆಳಿ, ನೋಂದಣಿ ವರ್ಷ, ಸದಸ್ಯರ ಖರೇ ಸಂಖ್ಯೆ ಬರದ್ರ ಐದು ನಿಮಿಷದಾಗ ಹುಡಕತಾರ. ನಿರ್ದೇಶಕರ ಹೆಸರು ಹೆಂಗೂ ಸಾರ್ವಜನಿಕ ದಾಖಲಿಯೊಳಗ ಅದಾವು. ಉಳಿಸಿಕೊಳ್ಳಾಕ ಆಗೂವಷ್ಟ ಮಾತು ಕೊಡ್ರಿ: ಕಂಪನಿ ಗುರುತು ಸಿಗಬಹುದು, ಆದ್ರ ಯಾವ ಮಾತು ಯಾರದು ಅಂತ ಬರಿಯಂಗಿಲ್ಲ, ಅಂತ ಹೇಳಿ ಸಹಿ ತಗೋರಿ.

ನವನಗರ_ವಕೀಲ
ಕಾನೂನಿನಲ್ಲಿ ಎರಡು ಬೇರೆ ಕೆಲಸಗಳನ್ನು ಒಂದೇ ಹೆಸರಲ್ಲಿ ಕರೆಯುತ್ತಾರೆ. ತೀರ್ಪಿನ ವಿಶ್ಲೇಷಣೆ ಒಂದು: ಸಂಗತಿ, ವಿವಾದಾಂಶ, ವಾದ, ನಿರ್ಣಯ, ನಿರ್ಣಯಕ್ಕೆ ಅನಿವಾರ್ಯವಾದ ತರ್ಕ, ಪ್ರಾಸಂಗಿಕ ಮಾತು. ಈ ಕೊನೆಯ ಎರಡನ್ನು ಬೇರ್ಪಡಿಸುವುದೇ ಅದರ ಕಸುಬು. ಸಂಶೋಧನೆಯ ಪ್ರಕರಣ ಅಧ್ಯಯನ ಇನ್ನೊಂದು. ಅಲ್ಲಿ ತೀರ್ಪು ಅನೇಕ ಪುರಾವೆಗಳಲ್ಲಿ ಒಂದು ಮಾತ್ರ.

1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ನಡೆದ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವನ್ನೇ ನೋಡಿ. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ. ಸಮುದಾಯದ ಭೂಮಿಯಲ್ಲಿ ನೆಟ್ಟ ನೀಲಗಿರಿಯನ್ನು ಕಿತ್ತು, ಜನರಿಗೆ ಉಪಯೋಗವಾಗುವ ಸಸಿ ಹಚ್ಚಿದರು. ಅದರ ಜೊತೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಯೂ ನಡೆಯಿತು. ಕೋರ್ಟಿನ ಕಡತ ಮಾತ್ರ ಓದಿದರೆ ಇದು ಭೂಮಿಯ ಹಕ್ಕಿನ ವ್ಯಾಜ್ಯ. ಹಳ್ಳಿಯ ಕಡೆಯಿಂದ ನೋಡಿದರೆ ಮೇವು, ಉರುವಲಿನ ಪ್ರಶ್ನೆ. ಸರ್ಕಾರಿ ಆದೇಶಗಳ ಕಡೆಯಿಂದ ನೋಡಿದರೆ ಸರ್ಕಾರ ಮತ್ತು ಖಾಸಗಿ ಕಾರ್ಖಾನೆ ಕೂಡಿ ಮಾಡಿದ ಜಂಟಿ ಕಂಪನಿಯ ಏಳುಬೀಳು. ಯಾವುದರ ಪ್ರಕರಣ ಎಂದು ಮೊದಲೇ ಹೇಳದಿದ್ದರೆ ಮೂರೂ ಕಲಸಿಹೋಗುತ್ತವೆ.

ತೀರ್ಪಿನಲ್ಲಿ ಬರುವ ಸಂಗತಿ ನ್ಯಾಯಾಲಯ ಒಪ್ಪಿಕೊಂಡ ಸಂಗತಿ, ಅಷ್ಟೇ. ಸಾಕ್ಷ್ಯಕ್ಕೆ ಬಾರದ್ದು ಅಲ್ಲಿರುವುದಿಲ್ಲ. ಇನ್ನು ಮೇಲಿನ ನ್ಯಾಯಾಲಯ ತಲುಪುವ ವ್ಯಾಜ್ಯಗಳೇ ವಿಶೇಷ ಜಾತಿಯವು, ರಾಜಿಯಾದವು, ಕೈಬಿಟ್ಟವು ಕೆಳಗೇ ಉಳಿದಿರುತ್ತವೆ. ಕಡತ ಹುಡುಕುವವರಿಗೆ: ಈಗಿನ ವ್ಯಾಜ್ಯಗಳಿಗೆ 16 ಅಂಕಿ-ಅಕ್ಷರದ ಸಿಎನ್‌ಆರ್ ಸಂಖ್ಯೆ (ಪ್ರತಿ ವ್ಯಾಜ್ಯದ ಗುರುತು) ಇದ್ದರೆ ನ್ಯಾಯಾಲಯಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ದಿನದಿನದ ಆದೇಶ ಸಿಗುತ್ತದೆ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಶುರುವಾದದ್ದು 2008ರ ಜುಲೈನಲ್ಲಿ. ಅದಕ್ಕಿಂತ ಹಿಂದೆ ಇತ್ಯರ್ಥವಾದದ್ದನ್ನು ಬೆಂಗಳೂರು ಪೀಠದ ಹೆಸರಲ್ಲಿ ಹುಡುಕಿ.

ಕಲ್ಲು_ಕಬ್ಬಿಣ
ಸಿವಿಲ್ ಎಂಜಿನಿಯರಿಂಗಿನಲ್ಲಿ ಪ್ರಕರಣ ಅಧ್ಯಯನ ಬಹುಪಾಲು ಕಟ್ಟಡ ಯಾಕೆ ಬಿರುಕು ಬಿಟ್ಟಿತು, ಯಾಕೆ ಕುಸಿಯಿತು ಎಂಬುದೇ. ಒಂದೇ ಉಪಕರಣದ ಮಾತು ನಂಬಿದರೆ ಕೆಡುತ್ತದೆ. ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಗಟ್ಟಿತನ ಅಳೆಯುವ ಉಪಕರಣ) ಅಗ್ಗ, ಅರ್ಧ ದಿನದಲ್ಲಿ ನೂರು ಓದು ಸಿಗುತ್ತದೆ. ಆದರೆ ಅದರಿಂದ ಅಂದಾಜಿಸಿದ ಕಾಂಕ್ರೀಟಿನ ಬಲ ಶೇ. 25ರಷ್ಟು ಹೆಚ್ಚುಕಡಿಮೆ ಆಗಬಹುದೆಂದು ಭಾರತೀಯ ಮಾನಕ ಐಎಸ್ 13311ರ (1992) ಎರಡನೇ ಭಾಗವೇ ಹೇಳಿತ್ತು. ಹಳೆಯ ಕಟ್ಟಡದ ಮೇಲ್ಪದರ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗಿರುತ್ತದೆ, ಒಳಗೆ ಪುಡಿಯಾಗಿದ್ದರೂ ಹ್ಯಾಮರ್ ಒಳ್ಳೆಯ ಅಂಕ ಕೊಡುತ್ತದೆ. ಹಾಗಾಗಿ ಕೋರ್ (ಕಾಂಕ್ರೀಟಿನ ಒಳಗಿನಿಂದ ತೆಗೆಯುವ ದುಂಡು ತುಂಡು) ಕತ್ತರಿಸಬೇಕು. ಐಎಸ್ 456ರ ಪ್ರಕಾರ ಕನಿಷ್ಠ ಮೂರು ಕೋರ್, ಅವುಗಳ ಸರಾಸರಿ ಬೇಕಾದ ಕ್ಯೂಬ್ ಬಲದ ಶೇ. 85ಕ್ಕೆ ಕಡಿಮೆ ಇರಬಾರದು, ಯಾವ ಒಂದೂ ಶೇ. 75ಕ್ಕಿಂತ ಕೆಳಗೆ ಹೋಗಬಾರದು. ನಿಮ್ಮ ಪ್ರಶ್ನಾವಳಿ ಹ್ಯಾಮರಿನ ಹಾಗೆ, ಕಡತ ಕೋರಿನ ಹಾಗೆ.

ಬಿಆರ್‌ಟಿಎಸ್ (ಹುಬ್ಬಳ್ಳಿ-ಧಾರವಾಡದ ಪ್ರತ್ಯೇಕ ಪಥದ ಬಸ್ ವ್ಯವಸ್ಥೆ) ಮೇಲೆ ಪ್ರಾಜೆಕ್ಟ್ ಮಾಡುವವರಿಗೂ ಒಂದು ಎಚ್ಚರಿಕೆ. ಸುಮಾರು 22 ಕಿ.ಮೀ. ಮಾರ್ಗ, 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕ ಓಡಾಟ ಶುರು. ‘ಮೊದಲು-ಆಮೇಲೆ’ ಹೋಲಿಕೆ ಮಾಡಬೇಕೆಂದರೆ ನಡುವೆ 2020ರ ಲಾಕ್‌ಡೌನ್, 2023ರ ಜೂನ್ 11ರಿಂದ ಶಕ್ತಿ ಯೋಜನೆ. ಎರಡೂ ನಗರದ ಬಸ್ ಪ್ರಯಾಣದ ಲೆಕ್ಕವನ್ನೇ ಬುಡಮೇಲು ಮಾಡಿದವು. ಪ್ರಯಾಣಿಕರ ಸಂಖ್ಯೆ ಬಿಟ್ಟು ಪ್ರಯಾಣದ ಸಮಯ ಹಿಡಿಯಿರಿ, ಅದೂ ಪ್ರತ್ಯೇಕ ಪಥ ಇರುವ ಭಾಗ ಬೇರೆ, ಬೇರೆ ವಾಹನಗಳ ಜೊತೆ ಹೋಗುವ ಭಾಗ ಬೇರೆ, ಸಿಗ್ನಲ್ ಬೇರೆ. ಆಗ ಮಾರ್ಗ ಒಂದು ಪ್ರಕರಣ, ಒಳಗಿನ ತುಂಡುಗಳು ಘಟಕ.

ಬೆಟಗೇರಿ_ಮಗ್ಗ
ಇತಿಹಾಸದವರು ಇನ್ನೂ ಯಾರೂ ಬರಲಿಲ್ಲ, ಹಾಗಾಗಿ ಗದಗಿನ ಕಡೆಯಿಂದ ಎರಡು ಸಂಗತಿ.

ಮೊದಲನೆಯದು ಗಡಿಯ ಬಗ್ಗೆ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಜಿಲ್ಲಾ ಅಂಕಿಅಂಶವೆಲ್ಲ ಅವಿಭಜಿತ ಧಾರವಾಡದ್ದು. 1990ರ ‘ಧಾರವಾಡ’ ಮತ್ತು 2000ದ ‘ಧಾರವಾಡ’ ಪಕ್ಕಪಕ್ಕ ಇಟ್ಟು ‘ಹತ್ತಿ ಬೆಳೆ ಕುಸಿಯಿತು’ ಎಂದು ಬರೆದರೆ ಕುಸಿದದ್ದು ಹತ್ತಿ ಅಲ್ಲ, ಜಿಲ್ಲೆ. ತಾಲ್ಲೂಕುವಾರು ಅಂಕಿ ತೆಗೆದು ಹಿಂದಕ್ಕೆ ಕೂಡಿಸಿ. ಈಚೆಗೆ ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ, ಅಣ್ಣಿಗೇರಿ ಬೇರೆ ತಾಲ್ಲೂಕಾದವು, ಅಲ್ಲೂ ಅದೇ ತೊಡಕು, ಅಲ್ಲಿ ಹೋಬಳಿ ಮಟ್ಟಕ್ಕೆ ಇಳಿಯಬೇಕು. 1956ಕ್ಕಿಂತ ಹಿಂದಿನದು ಮುಂಬೈ ಆಡಳಿತದ ಕಡತ. ಕಣಗಿನಹಾಳದ ಕೃಷಿ ಸಹಕಾರ ಸಂಘ, ದೇಶದ ಮೊದಲನೆಯದೆಂದು ಹೆಸರಾದದ್ದು, 1905ರದು. ಅದನ್ನು ಮೈಸೂರು ಸಂಸ್ಥಾನದ ದಾಖಲೆಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಎರಡನೆಯದು ಪರ್ಯಾಯ ವಿವರಣೆಯ ಬಗ್ಗೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಿಸುವ ಘಟಕವಿದೆ, ಬಟ್ಟೆ ಕೈಮಗ್ಗದ್ದು. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಧ್ವಜಸಂಹಿತೆ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟಿತು. ಇದರ ಪರಿಣಾಮ ಬರೆಯುವವರು ಮುಂದಿನ ವರ್ಷದ ಮಾರಾಟ ನೋಡಿ ‘ಇಳಿಯಿತು’ ಅಥವಾ ‘ಏರಿತು’ ಎಂದು ಮುಗಿಸುತ್ತಾರೆ. 2022ರ ಆಗಸ್ಟಿನಲ್ಲಿ ಹರ್ ಘರ್ ತಿರಂಗಾ ಅಭಿಯಾನ ಬಂತು, ಧ್ವಜದ ಒಟ್ಟು ಬೇಡಿಕೆಯೇ ಹಿಗ್ಗಿತು. ಹಿಂದಿನ ಎರಡು ವರ್ಷ ಕೋವಿಡ್, ಶಾಲೆ ಮುಚ್ಚಿದ್ದವು. ತಿದ್ದುಪಡಿಯ ಪರಿಣಾಮ ಕಾಣಬೇಕಾದರೆ ಗಾತ್ರವಾರು ಬೇಡಿಕೆ ಬೇಕು. ಮನೆಯ ಮೇಲೆ ಹಾರಿಸುವ ಸಣ್ಣ ಧ್ವಜ ಪಾಲಿಯೆಸ್ಟರಿಗೆ ಹೋದರೂ ಸರ್ಕಾರಿ ಕಚೇರಿಯ ದೊಡ್ಡ ಧ್ವಜ ಖಾದಿಯಲ್ಲೇ ಉಳಿದಿತ್ತೇ? ಹಾಗಿದ್ದರೆ ಕಾರಣ ತಿದ್ದುಪಡಿ. ಎರಡೂ ಒಟ್ಟಿಗೆ ಇಳಿದಿದ್ದರೆ ಬೇರೆ ಕಾರಣ ಹುಡುಕಿ.

ವರದಾತೀರ
ಇಷ್ಟು ಬರದಿದ್ದಕ್ಕ ಎಲ್ಲಾರಿಗೂ ಧನ್ಯವಾದ್ರಿ. ಎರಡು ಪ್ರಶ್ನೆ ಉಳದಾವು. ಒಂದು, ಸಂದರ್ಶನ ಎಷ್ಟು ಮಾಡ್ಲಿ? ಇನ್ನೊಂದು, ಸಿಇಓ ಹೇಳಿದ್ದು, ವಾರ್ಷಿಕ ವರದಿ, ಪೇಪರಿನ ಸುದ್ದಿ ಮೂರೂ ಒಂದ ಮಾತು ಹೇಳಿದ್ರ ತ್ರಿಕೋನೀಕರಣ (ಬ್ಯಾರೆ ಬ್ಯಾರೆ ಮೂಲದಿಂದ ತಾಳಿ ನೋಡೂದು) ಆತಲ್ರಿ?

ಮಾಳಮಡ್ಡಿ
ಆಗಲಿಲ್ಲ. ವರದಿ ಬರದವರು ಸಿಇಓ, ಪೇಪರಿಗೆ ಪ್ರಕಟಣೆ ಕೊಟ್ಟವರೂ ಸಿಇಓ. ಮೂರು ಕಾಗದ, ಬಾಯಿ ಒಂದ. ಹುಟ್ಟಿದ ಜಾಗ ಬ್ಯಾರೆ ಇರೂ ಪುರಾವೆ ಬೇಕು: ಬ್ಯಾಂಕಿನ ಪಾಸ್‌ಪುಸ್ತಕ, ಗೊಬ್ಬರ ಸರಬರಾಜುದಾರರ ಖಾತೆ, ಸಾಲ ನಿರಾಕರಿಸಿದ ಪತ್ರ, ಷೇರು ಹಾಕಿ ಒಮ್ಮೆಯೂ ಮಾಲು ಕೊಡದ ಸದಸ್ಯ. ಈ ಕೊನೇದವರನ್ನ ಯಾರೂ ಮಾತಾಡ್ಸೂದಿಲ್ಲ. ಸಭೆಗೆ ಬರೂವವರನ್ನ ಮಾತ್ರ ಹಿಡಿದ್ರ ಕಂಪನಿ ಬಗ್ಗೆ ಪ್ರೀತಿ ಇದ್ದವರ ಮಾತಷ್ಟ ಸಿಗತದ.

ಸಂಖ್ಯೆಗೆ ನಿಗದಿ ಇಲ್ಲ, ಆದರೂ ಒಂದು ಕಂಪನಿಗೆ 12ರಿಂದ 15 ಅಂತ ಇಟ್ಟುಕೋರಿ: ನಿರ್ದೇಶಕರು ಮೂವರು (ಒಬ್ಬರು ರಾಜೀನಾಮೆ ಕೊಟ್ಟವರಿರಲಿ), ಈಗಿನ ಸಿಇಓ, ಹಳೇ ಸಿಇಓ, ಮಾಲು ಕೊಡೂ ಸದಸ್ಯರು ಮೂವರು, ಕೊಡದವರು ಮೂವರು, ಬ್ಯಾಂಕಿನವರೊಬ್ಬರು, ದಲಾಲರೊಬ್ಬರು, ಕಟ್ಟಿಸಿದ ಸಂಸ್ಥೆಯವರೊಬ್ಬರು. ಒಂದು ತಾಸಿನ ಧ್ವನಿಮುದ್ರಣ ಅಕ್ಷರಕ್ಕ ಇಳಸಲಿಕ್ಕೆ ಐದಾರು ತಾಸು ಹಿಡೀತದ. ನಾಲ್ಕು ಕಂಪನಿ ಅಂದ್ರ 50ರಿಂದ 60 ತಾಸಿನ ಮಾತು, ಸುಮಾರು 300 ತಾಸಿನ ಟೈಪಿಂಗ್. ಈ ಲೆಕ್ಕ ಸಿನಾಪ್ಸಿಸ್ಸಿನ ಕಾಲಪಟ್ಟಿಯೊಳಗ ಬರಲಿ.

ಟೈಪಿಂಗ್ ಅಂದಕೂಡಲೇ ಇದು: ನುಡಿಯ ಹಳೇ ಆಸ್ಕಿ ಫಾಂಟಿನ್ಯಾಗ ಟೈಪ್ ಮಾಡಿಸಬ್ಯಾಡ್ರಿ. ಸಂಕೇತ ಹಾಕೂ (ಸಂದರ್ಶನದ ಸಾಲುಗಳಿಗೆ ವಿಷಯವಾರು ಗುರುತು ಹಚ್ಚೂ) ತಂತ್ರಾಂಶದೊಳಗ ಅದು ಬರೇ ಲ್ಯಾಟಿನ್ ಕಸದಂಗ ಕಾಣ್ತದ, ‘ಸಾಲ’ ಅಂತ ಹುಡುಕಿದ್ರ ಏನೂ ಸಿಗೂದಿಲ್ಲ. ಮೊದಲಿಂದ ಯೂನಿಕೋಡ್. ಪರಿವರ್ತಕದಿಂದ ಬದಲಿಸಿದ್ರ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೆಡ್ತಾವ, ಮತ್ತ ಕೂತು ತಿದ್ದಬೇಕು. ರೊಕ್ಕ ಇಲ್ಲದಿದ್ರ ಟ್ಯಾಗೆಟ್, ಕ್ವಾಲ್‌ಕೋಡರ್ ಎರಡೂ ಉಚಿತ.

ಕಡತದ ಹೆಸರು ಮೊದಲ ದಿನಾನ ಗಟ್ಟಿ ಮಾಡ್ರಿ: ಕಂ2-ಸಂ-07 ಅಂದ್ರ ಎರಡನೇ ಕಂಪನಿಯ ಏಳನೇ ಸಂದರ್ಶನ, ಕಂ2-ದಾ-14 ಅಂದ್ರ ಹದಿನಾಲ್ಕನೇ ದಾಖಲೆ. ಅಧ್ಯಾಯದಾಗ ‘ಎರಡನೇ ವರ್ಷ ಸದಸ್ಯರ ವಿಶ್ವಾಸ ಕಡಿಮೆಯಾಯಿತು’ ಅಂತ ಬರದ್ರ ಆವರಣದಾಗ ಈ ಗುರುತು ಇರಬೇಕು. ಗುರುತು ಹಾಕಲಿಕ್ಕೆ ಆಗದ ವಾಕ್ಯ ಅಂದ್ರ ಅದು ನಿಮ್ಮ ಅಂದಾಜು, ಹಂಗಂತನ ಬರೀರಿ.

ಡಬ್ಬಿ_ಕಡ್ಡಿ
ಪುರಾವೆ ತೂಕ ಹಾಕೂದು ಹೆಂಗ ಅಂತ ಒಂದು ಉದಾಹರಣಿ. ವಾದ: ‘ದುಡಿಯೂ ಬಂಡವಾಳ ಇಲ್ಲದ್ದಕ್ಕ ಕಂಪನಿ ಬಂದ್ ಬಿತ್ತು.’

ಇದು ಖರೇ ಆಗಿದ್ರ ಖರೀದಿ ಹಂಗಾಮಿನಾಗ ಬ್ಯಾಂಕ್ ಖಾತೆ ಬರಿದಾಗಿರಲೇಬೇಕು. ಹಂಗಾಮಿನ ಮೂರು ತಿಂಗಳ ಸ್ಟೇಟ್‌ಮೆಂಟ್ ತಗೋರಿ. ಅನುದಾನದ ಹಣ ಎಫ್‌ಡಿಯೊಳಗ ಹಂಗ ಕೂತಿದ್ರ ವಾದ ಅಲ್ಲೇ ಬಿತ್ತು. ಹಣ ಇತ್ತು, ಮುಟ್ಟಾಕ ಅಂಜಿದರು, ಅದು ಬ್ಯಾರೇನ ಕಥಿ. ಖಾತೆ ಬರಿದಾಗಿತ್ತು ಅಂತ ಇಟ್ಟುಕೋರಿ, ಅಷ್ಟರಿಂದ ವಾದ ಸಾಬೀತು ಆಗಂಗಿಲ್ಲ, ಜೀವಂತ ಉಳೀತು ಅಷ್ಟ. ಸಾಬೀತಿಗೆ ಹತ್ರ ಹೋಗೂದು ಅಂದ್ರ ಮಂಡಳಿ ನಡಾವಳಿಯೊಳಗ ‘ವ್ಯಾಪಾರಿಯ ಇಷ್ಟು ಕ್ವಿಂಟಲ್ ಬೇಡಿಕೆ, ಹಣವಿಲ್ಲದ ಕಾರಣ ಒಪ್ಪಲಾಗಲಿಲ್ಲ’ ಅಂತ ಆ ಹೊತ್ತಿನಾಗ ಬರದಿದ್ದು. ಅಂಥಾದ್ದು ಸಿಗದಿದ್ರ ವಾದ ಸುಳ್ಳು ಅಂತ ಅಲ್ಲ. ಆದ್ರ ಸಿಕ್ಕರ ಭಾಳ ಗಟ್ಟಿ. ‘ರೊಕ್ಕ ಇರಲಿಲ್ರಿ’ ಅಂತ ಈಗ ಹೇಳೂದು ಎಲ್ಲಾಕ್ಕಿಂತ ಹಗುರ ಪುರಾವೆ.

2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟಿಯೊಳಗ ಮೆಣಸಿನಕಾಯಿ ದರ ಕುಸೀತು ಅಂತ ರೈತರು ಸಿಟ್ಟಿಗೆದ್ದು ಗಾಡಿ ಸುಟ್ಟಿದ್ದು ಎಲ್ಲಾರಿಗೂ ಗೊತ್ತೈತಿ. ಅದರ ಮ್ಯಾಲೆ ಬರಿಯೂವವರು ಆ ದಿನದ ಸರಾಸರಿ ದರ ಒಂದ ಹಿಡಿದ್ರ ದಾರಿ ತಪ್ಪತಾರ. ಡಬ್ಬಿ, ಕಡ್ಡಿ, ಗುಂಟೂರು ತಳಿ ಮೂರರ ದರಕ್ಕೂ ಆನಿ-ಆಡಿನ ಅಂತರ. ಹಸಿ ಕಾಯಿ ಬ್ಯಾರೆ, ಒಣಗಿದ್ದು ಬ್ಯಾರೆ, ಶೀತಲಗೃಹದ್ದು ಬ್ಯಾರೆ. ಹಿಂದಿನ ಟೆಂಡರ್ ದಿನದ ಜೋಡಿ ತಳಿವಾರು, ಲಾಟ್‌ವಾರು ಹೋಲಿಸಿದ್ರ ಮಾತ್ರ ಯಾರ ಮಾಲಿಗೆ ಎಷ್ಟು ಇಳೀತು ಅಂತ ಗೊತ್ತಾಗತೈತಿ. ಸರಾಸರಿ ಇಳಿಯಾಕ ಆವತ್ತು ಕಡಿಮಿ ಗುಣಮಟ್ಟದ ಮಾಲು ಹೆಚ್ಚು ಬಂದಿದ್ರೂ ಸಾಕು.

ತೋಳನಕೆರೆ
ಯಾವಾಗ ನಿಲ್ಲಿಸಬೇಕು ಎಂದು ಯಾರೂ ಹೇಳಲಿಲ್ಲ. ನನ್ನ ಅಳತೆ: ಹೊಸ ಸಂದರ್ಶನದಿಂದ ಹೊಸ ಸಂಕೇತ ಬರುವುದು ನಿಂತಾಗ ಅಲ್ಲ, ನಿಮ್ಮ ವಾದಕ್ಕೆ ವಿರುದ್ಧವಾದ ಪ್ರಕರಣವನ್ನು ಹುಡುಕಿ, ಸಿಕ್ಕಿದರೆ ವಿವರಿಸಿ, ಸಿಗದಿದ್ದರೆ ಎಲ್ಲೆಲ್ಲಿ ಹುಡುಕಿದಿರಿ ಎಂದು ಬರೆದಾಗ. ಸಂಕೇತ ಹಾಕುವ ಕೆಲಸದ ಐದನೇ ಒಂದು ಭಾಗವನ್ನಾದರೂ ಇನ್ನೊಬ್ಬರ ಕೈಲಿ ಹಾಕಿಸಿ, ಇಬ್ಬರದೂ ಎಲ್ಲಿ ಕೂಡಲಿಲ್ಲ ನೋಡಿ. ಅಂಕಿ ಮುಖ್ಯವಲ್ಲ, ಕೂಡದ ಜಾಗದಲ್ಲಿ ಸಂಕೇತದ ವ್ಯಾಖ್ಯೆ ಸಡಿಲ ಇರುತ್ತದೆ.

ವರದಾತೀರ
ತಿದ್ದಿದ ಕರಡು ಹಾಕೀನಿ ನೋಡ್ರಿ. ಶೀರ್ಷಿಕೆ: ‘ನೆರವಿನ ಅವಧಿಯ ನಂತರ ರೈತ ಉತ್ಪಾದಕರ ಕಂಪನಿಗಳ ಖರೀದಿ ವ್ಯವಹಾರ ಉಳಿಯುವ ಬಗೆ: ಹಾವೇರಿ, ಗದಗ ಜಿಲ್ಲೆಗಳ ಎರಡು ಜೋಡಿ ಪ್ರಕರಣಗಳು’. ಪ್ರಕರಣ: ಕಂಪನಿ. ಅವಧಿ: ನೋಂದಣಿಯಿಂದ ನೆರವು ನಿಂತ ಮ್ಯಾಲಿನ ಎರಡನೇ ಲೆಕ್ಕಪತ್ರತನ. ಹೋಲಿಸೂ ಕಾರಣ ಎರಡ: ದುಡಿಯೂ ಬಂಡವಾಳದ ಬಳಕೆ, ಸದಸ್ಯರಿಗೆ ರೊಕ್ಕ ಮುಟ್ಟೂ ವೇಳೆ. 200 ಪ್ರಶ್ನಾವಳಿ ಕಂಪನಿವಾರು ಬ್ಯಾರೆ. ಮೊದಲ ಆರು ತಿಂಗಳು ಪಟ್ಟಿ ಮತ್ತ ದಾಖಲಿ, ಜನವರಿಯಿಂದ ಏಪ್ರಿಲ್ ಕ್ಷೇತ್ರಕಾರ್ಯ.

ಡಬ್ಬಿ_ಕಡ್ಡಿ
ಚಲೋ ಆಗೇತಿ. ಕ್ಷೇತ್ರಕಾರ್ಯದ ತಿಂಗಳು ಮಾತ್ರ ಬದಲಿಸ್ರಿ. ಜನವರಿಯಿಂದ ಏಪ್ರಿಲ್ ಅಂದ್ರ ಮೆಣಸಿನಕಾಯಿ ಹಂಗಾಮು, ಹಾವೇರಿ ಜೋಡಿಯೊಳಗ ನಿರ್ದೇಶಕರು, ದಲಾಲರು ಯಾರೂ ಕೂತು ಮಾತಾಡಾಕ ಸಿಗಂಗಿಲ್ಲ. ಆ ಹೊತ್ತಿನಾಗ ಖರೀದಿ ಹೆಂಗ ನಡೀತೈತಿ ಅಂತ ನಿಂತು ನೋಡಿ ಬರ್ರಿ, ತೂಕದ ಚೀಟಿ, ರೊಕ್ಕ ಮುಟ್ಟಿದ ದಿನಾಂಕ ಬರಕೋರಿ. ಸಂದರ್ಶನ ಜೂನ್ ಬಿತ್ತಿಗಿ ಮುಗದ ಮ್ಯಾಲೆ ಇಟ್ಟುಕೋರಿ. ವಾರ್ಷಿಕ ಸಭಿ ಬಹುತೇಕ ಸೆಪ್ಟೆಂಬರಿನಾಗ ಇರ್ತಾವು, ಒಂದೂ ಬಿಡಬ್ಯಾಡ್ರಿ. ಹಾಜರಿ ಪುಸ್ತಕದ ಸಹಿ ಎಷ್ಟು, ಕುರ್ಚಿ ಮ್ಯಾಲೆ ಕೂತ ಮಂದಿ ಎಷ್ಟು ಎಣಿಸಿ, ಎರಡೂ ಬರದಿಟ್ಟುಕೋರಿ.